ಟೇಪಿನ ಎರಡನೇ ಬದಿ

ಮೆಟ್ಟಿಲ ತುದಿಯಲ್ಲಿ ಅವನನ್ನು ಕಂಡ ಕೂಡಲೇ ಲೊರೇನ್ ತಿರುಗಿ ಕೆಳಗಿಳಿಯಲು ನೋಡಿದಳು. ಆದರೆ ಹಿಂದೆ ಜ್ಯಾನ್ ಇದ್ದಳು. ಹೋದ ವರ್ಷವಷ್ಟೇ ಆಪರೇಷನ್ ಆದ ಅವಳ ಮಂಡಿಯೂ ಇತ್ತು. ಹತ್ತಿದ ಮೆಟ್ಟಿಲನ್ನು ತಕ್ಷಣ ಮತ್ತೆ ಇಳಿಯಲು ಆ ಮಂಡಿ ಸುತರಾಂ ಒಪ್ಪುವಂಥದ್ದಲ್ಲ.

"ಏನಾಯ್ತೇ? ನಡಿ ಮೇಲೆ."

"ಅವನಿದ್ದಾನೆ."

"ಯಾರು?"

"ಯಾರು ಅಂತ ಕೇಳ್ತೀಯಲ್ಲ! ನೆವಿಲ್ ಕಣೇ."

ಜ್ಯಾನ್ ಏನೂ ಗೊತ್ತಿಲ್ಲದವಳ ಮುಖ ಮಾಡಿದಳು. ಆ ಮುಖ ಮಾಡಲು ಅವಳಿಗೆ ಯಾವತ್ತೂ ಸರಿಯಾಗಿ ಬಂದದ್ದಿಲ್ಲ. ಹದಿನಾರನೇ ವಯಸ್ಸಿನಲ್ಲಿ ಇಬ್ಬರೂ ಪಿಂಗಾಣಿ ಕಾರ್ಖಾನೆಯಲ್ಲಿ ಒಂದೇ ಬೆಂಚಿನ ಮೇಲೆ ಕೂತು ಕಪ್ಪುಗಳ ಅಂಚಿಗೆ ಚಿನ್ನದ ಗೆರೆ ಎಳೆಯುತ್ತಿದ್ದ ಕಾಲದಿಂದ ಲೊರೇನ್ ಆ ಮುಖ ನೋಡಿದ್ದಾಳೆ.

"ನಿಂಗೆ ಮೊದಲೇ ಗೊತ್ತಿತ್ತು."

"ಮೇಲೆ ಚೀಸ್ ಹಾಕಿದ ಬಿಸಿ ಬಿಸಿ ಓಟ್‌ಕೇಕ್ ಇದೆ ಅನ್ನೋದು ಗೊತ್ತಿತ್ತು. ನಡಿ, ಜನ ಕಾಯ್ತಿದ್ದಾರೆ ಹಿಂದೆ."

ಹಿಂದೆ ಯಾರೂ ಇರಲಿಲ್ಲ. ಆದರೂ ಲೊರೇನ್ ಹತ್ತಿದಳು. ಅರವತ್ತೊಂಬತ್ತು ವರ್ಷದ ಹೆಂಗಸು, ಇಬ್ಬರು ಮೊಮ್ಮಕ್ಕಳ ಅಜ್ಜಿ, ಒಬ್ಬ ಗಂಡಸಿಗೆ ಹೆದರಿ ಕ್ಲಬ್ಬಿನ ಮೆಟ್ಟಿಲಿಳಿದು ಓಡಿದಳು ಅಂತ ಬರ್ಸ್ಲೆಮ್ ಊರೆಲ್ಲ ಆಡಿಕೊಳ್ಳುವುದು ಅವಳಿಗೆ ಬೇಕಿರಲಿಲ್ಲ. ಹೆದರಿಕೆಯೂ ಅಲ್ಲ ಅದು, ಸಿಟ್ಟು. ಐವತ್ತು ವರ್ಷ ಜೋಪಾನವಾಗಿ ಇಟ್ಟುಕೊಂಡ ಸಿಟ್ಟು.

ಆ ಮನುಷ್ಯ ಅವಳಿಗೆ ಸುಳ್ಳು ಹೇಳಿದ್ದ.

ನೆವಿಲ್ ಬಾಗಿಲಲ್ಲಿ ನಿಂತು ಬಂದವರ ಅಂಗಿಗೆ ಹೆಸರಿನ ಚೀಟಿ ಅಂಟಿಸುತ್ತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಆದರೆ ಇತ್ತಲ್ಲ, ಅದೇ ಹೆಚ್ಚು. ಅಲ್ಲಿ ಬಂದಿದ್ದ ಬಹುಪಾಲು ಗಂಡಸರಿಗೆ ಆ ಭಾಗ್ಯವೂ ಇರಲಿಲ್ಲ. ಇವಳನ್ನು ನೋಡಿದ. ಚೀಟಿ ಹಿಡಿದ ಬೆರಳು ಹಾಗೇ ನಿಂತಿತು.

"ಲೊರೇನ್. ಬಂದ್ಯಾ?"

"ನಮಸ್ಕಾರ. ಚೆನ್ನಾಗಿದ್ದೀರಾ?" ಅಂದಳು ಲೊರೇನ್.

'ದ್ದೀರಾ' ಎಂಬುದಕ್ಕೆ ಎಷ್ಟು ತೂಕ ಕೊಡಬಹುದೋ ಅಷ್ಟೂ ಕೊಟ್ಟಳು. ಅದು ನೆವಿಲ್‌ಗೆ ನಾಟಿತು. ಬಾಯಿ ತೆರೆದವನು ಮುಚ್ಚಿಕೊಂಡು, ಚೀಟಿಯನ್ನು ಅವಳ ಕೈಗೇ ಕೊಟ್ಟ. ಅಂಟಿಸಲು ಧೈರ್ಯ ಬರಲಿಲ್ಲವೇನೋ.

*

ಅಕ್ಟೋಬರಿನ ಒಂದು ಶನಿವಾರ, ಮಧ್ಯಾಹ್ನ ಎರಡಕ್ಕೆ, ಈ ಮಹಡಿಯ ಮೇಲೆ ಪ್ರತಿವರ್ಷ ಡೆಸ್ಮಂಡ್ ಕ್ರೇಲ್‌ನ ಅಭಿಮಾನಿಗಳು ಸೇರುತ್ತಾರೆ. 'ಕಾಪರ್ ಹೆರನ್', ಅಂದರೆ ತಾಮ್ರದ ಕೊಕ್ಕರೆ, ಎಂಬ ಬ್ಯಾಂಡಿನ ಆರ್ಗನ್ ವಾದಕ ಡೆಸ್. ಬ್ಯಾಂಡು ಒಡೆದು ನಲವತ್ತೈದು ವರ್ಷವಾಗಿದೆ, ಡೆಸ್ ತೀರಿಕೊಂಡೇ ಹನ್ನೊಂದು ವರ್ಷ. ಇವರು ಮಾತ್ರ ನಿನ್ನೆ ಸಂಜೆಯಷ್ಟೇ ಶೋ ನೋಡಿ ಬಂದವರಂತೆ ಜಗಳವಾಡುತ್ತಾರೆ.

ಆವತ್ತೂ ಜಗಳ ನಡೆದಿತ್ತು, ಡೆಸ್‌ನ ಕಾಲುಚೀಲದ ವಿಷಯಕ್ಕೆ. ಡೆಸ್ ಶೂ ಬಿಚ್ಚಿಟ್ಟು ಆರ್ಗನ್ನಿನ ಪೆಡಲು ತುಳಿಯುತ್ತಿದ್ದ. ಒಂದು ಕಾಲಿಗೆ ಕೆಂಪು ಚೀಲ, ಇನ್ನೊಂದಕ್ಕೆ ಹಸಿರು.

"ಎಡಗಾಲಿಗೆ ಕೆಂಪು," ಅಂದ ಡಗ್ಗಿ. ಇವನು ಈ ಕೂಟದ ಯಜಮಾನ, ಹಿಂದೆ ಬಸ್ ಓಡಿಸುತ್ತಿದ್ದವನು. ಅವನ ಹೊಟ್ಟೆಯ ಮೇಲೆ ಬ್ಯಾಂಡಿನ ಹಳೇ ಟೀ-ಶರ್ಟಿನ ಕೊಕ್ಕರೆ ರೆಕ್ಕೆ ಬಿಚ್ಚಿ ಹಾರಲು ಹೊರಟಂತಿತ್ತು.

"ಬಲಗಾಲಿಗೆ ಕಣಯ್ಯಾ. ನಾನು ಮುಂದಿನ ಸಾಲಲ್ಲಿದ್ದೆ," ಅಂದಳು ಒಬ್ಬ ಹೆಂಗಸು.

"ನೀನು ಮುಂದಿನ ಸಾಲಲ್ಲಿದ್ದೆ, ಕಣ್ಣು ಡ್ರಮ್ಮರ್ ಮೇಲಿತ್ತು."

"ಅದು ಬೇರೆ ವಿಷಯ."

ಇಡೀ ಕೋಣೆ ನಕ್ಕಿತು. ಲೊರೇನ್‌ಗೂ ನಗು ಬಂತು, ತಡೆದುಕೊಂಡಳು. ಇಲ್ಲಿಗೆ ಅವಳು ಬಂದದ್ದು ಇದೇ ಮೊದಲು. ಗಂಡ ಕೆನ್ ಇರುವವರೆಗೆ ಇಂಥದ್ದಕ್ಕೆಲ್ಲ ಬರುವ ಮನಸ್ಸೇ ಆಗಿರಲಿಲ್ಲ. ಕೆನ್ ಹೋಗಿ ಆರು ವರ್ಷ. ಒಳ್ಳೆಯ ಮನುಷ್ಯ, ಪಿಂಗಾಣಿ ಸುಡುವ ಭಟ್ಟಿಯ ಕೆಲಸದವನು, ಮಾತು ಕಡಿಮೆ. ಎಂದಾದರೂ ಒಮ್ಮೆ "ಇವತ್ತು ಚೆನ್ನಾಗಿ ಕಾಣ್ತಿದ್ದೀಯ ಕಣೇ" ಅಂದರೆ ಲೊರೇನ್ ಮನಸ್ಸಿನಲ್ಲೇ 'ಇವನಿಗೆ ಏನೋ ಬೇಕು' ಅಂದುಕೊಳ್ಳುತ್ತಿದ್ದಳು. ಪಾಪ, ಅವನಿಗೆ ಏನೂ ಬೇಕಿರುತ್ತಿರಲಿಲ್ಲ. ಗಂಡಸರ ಸವಿಮಾತನ್ನು ನಂಬುವ ಶಕ್ತಿಯೇ ಅವಳಲ್ಲಿ ಬತ್ತಿಹೋಗಿತ್ತು. ಯಾಕೆ ಬತ್ತಿತು ಅನ್ನುವುದಕ್ಕೆ ಕಾರಣ ಆಗ ಬಾಗಿಲ ಬಳಿ ಚೀಟಿ ಅಂಟಿಸುತ್ತಿತ್ತು.

*

ಎಪ್ಪತ್ಮೂರರ ಶರತ್ಕಾಲ. ವುಲ್ವರ್‌ಹ್ಯಾಂಪ್ಟನ್‌ನ ಶೋಗೆ ಸಾಲು ನಿಂತಿದ್ದಾಗ ಮುಂದಿದ್ದ ಹುಡುಗ ಗೆಳೆಯನಿಗೆ ಏನೋ ಕೊಚ್ಚಿಕೊಳ್ಳುತ್ತಿದ್ದ. ಡೆಸ್‌ನ ಮೂರನೇ ಹಾಡು ಇಂಥ ಶ್ರುತಿಯಲ್ಲಿದೆ ಅಂತ. ಹಿಂದಿನಿಂದ ಲೊರೇನ್, "ಅಲ್ಲ, ಅದಕ್ಕಿಂತ ಒಂದು ಸ್ವರ ಕೆಳಗೆ," ಅಂದುಬಿಟ್ಟಳು. ಭಾನುವಾರ ಚಾಪೆಲ್‌ನಲ್ಲಿ ಆರ್ಗನ್ ನುಡಿಸುತ್ತಿದ್ದ ಹುಡುಗಿ ಅವಳು. ಕೆಟಲ್ ಕುದಿಯುವ ಸದ್ದಿಗೂ ಇದು ಇಂಥ ಸ್ವರ ಎಂದು ಹೇಳಬಲ್ಲ ಕಿವಿ. ಆ ಕಿವಿಯ ಬಗ್ಗೆ ಅವಳಿಗೆ ಸಾಕಷ್ಟು ಜಂಬವೂ ಇತ್ತು.

ಹುಡುಗ ತಿರುಗಿ ನೋಡಿದ. "ಬೆಟ್ ಕಟ್ತೀಯಾ?"

"ಟೀಗೆ. ಜೊತೆಗೊಂದು ಬನ್."

ಬನ್ನು ಅವಳೇ ತಿಂದಳು. ಅವನು ಸ್ಟ್ಯಾಫರ್ಡ್‌ನವನು, ಹೆಸರು ನೆವಿಲ್, ರೇಡಿಯೋ ಟಿವಿ ರಿಪೇರಿ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ. ಕೋಟಿನೊಳಗೆ ಕ್ಯಾಸೆಟ್ ರೆಕಾರ್ಡರ್ ಅಡಗಿಸಿ, ತೋಳಿನೊಳಗೆ ಮೈಕಿನ ವೈರು ಎಳೆದುಕೊಂಡು ಶೋಗಳನ್ನು ಕದ್ದು ಟೇಪ್ ಮಾಡುತ್ತಿದ್ದ. ಹಾಗೆ ಟೇಪ್ ಮಾಡುವವರಿಗೆ ಒಂದು ಕಟ್ಟುನಿಟ್ಟಿನ ನಿಯಮ: ಟೇಪ್ ಓಡುತ್ತಿರುವಾಗ ಚಪ್ಪಾಳೆಯಿಲ್ಲ, ಮಾತಿಲ್ಲ, ಕೆಮ್ಮೂ ಇಲ್ಲ. ಡೆಸ್ ಆರ್ಗನ್ನನ್ನು ಸಿಂಹದಂತೆ ಘರ್ಜಿಸುವಂತೆ ಮಾಡುತ್ತಿದ್ದಾಗ ಸಾವಿರಾರು ಜನ ಕುಣಿಯುತ್ತಿದ್ದರೆ, ಇವನು ಮಾತ್ರ ಬಾಯಿಗೆ ಬೀಗ ಹಾಕಿಕೊಂಡು ಕಂಬದಂತೆ ನಿಂತಿರುತ್ತಿದ್ದ. ಆದರೆ ಅವನ ಕಣ್ಣು ಪಕ್ಕಕ್ಕೆ ಹೊರಳುತ್ತಿತ್ತು. ಲೊರೇನ್ ಅದನ್ನು ನೋಡಿಯೂ ನೋಡದಂತೆ ಡೆಸ್‌ನ ಕೈಯನ್ನೇ ನೋಡುತ್ತಿದ್ದಳು. ನೋಡುತ್ತಿದ್ದಳು ಅನ್ನುವುದು ಹೆಸರಿಗಷ್ಟೆ.

ಮೂರು ಶೋ ಹೀಗೆ ಕಳೆದವು. ನಡುವೆ ಕಾಗದ ಓಡಾಡಿದವು. ಜನವರಿಯ ಡರ್ಬಿ ಶೋಗೆ ಲೊರೇನ್‌ಗೆ ಹೋಗಲಾಗಲಿಲ್ಲ, ನೆವಿಲ್ ಹೋಗಿ ಎಲ್ಲ ಬರೆದ. ಆವತ್ತು ಕರೆಂಟ್ ಕೈಕೊಟ್ಟು ಜನರೇಟರ್ ಮೇಲೆ ಶೋ ನಡೆಸಿದರಂತೆ; ಜನರೇಟರ್ ಜೋರಾಗಿ ಓಡಿ ಆರ್ಗನ್ನಿನ ಶ್ರುತಿಯೇ ಅರ್ಧ ಸ್ವರ ಮೇಲೇರಿ, ಗಿಟಾರಿನವನು ಬೈದುಕೊಂಡು ತಂತಿ ಬಿಗಿಮಾಡಬೇಕಾಯಿತಂತೆ. ಡರ್ಬಿಯ ಏರಿದ ಶ್ರುತಿ ಅಂದರೆ ಇವತ್ತಿಗೂ ಅಭಿಮಾನಿಗಳಲ್ಲಿ ಗೊತ್ತಿಲ್ಲದವರಿಲ್ಲ. ಕಾಗದದ ಕೊನೆಗೆ ಒಂದು ಸಾಲಿತ್ತು: ಫೆಬ್ರವರಿ ಒಂಬತ್ತಕ್ಕೆ ನಿಮ್ಮೂರ ಹತ್ತಿರದ ಹ್ಯಾನ್ಲಿಯ ಶೋಗೆ ಬಂದೇ ಬರ್ತೀನಿ, ನಿಂಗೊಂದು ಮಾತು ಹೇಳೋದಿದೆ.

ಹೆಣ್ಣುಮಕ್ಕಳಿಗೆ ಅಂಥ ಮಾತು ಏನೆಂದು ತಿಳಿಯದೆ ಇರುತ್ತದೆಯೇ? ಲೊರೇನ್ ಹಸಿರು ಕೋಟು ಇಸ್ತ್ರಿ ಮಾಡಿಕೊಂಡು, ಜ್ಯಾನ್‌ಳನ್ನೂ ಕರೆದುಕೊಂಡು ಐದು ಗಂಟೆಗೇ ಹೋಗಿ ನಿಂತಳು. ಶೋ ಶುರುವಾಯಿತು, ಮುಗಿಯಿತು. ಅವನು ಬರಲಿಲ್ಲ.

ನಾಲ್ಕು ದಿನ ಕಳೆದ ಮೇಲೆ ಅಂಚೆಯಲ್ಲಿ ಒಂದು ಕ್ಯಾಸೆಟ್ ಬಂತು. ಮೇಲೆ ಅವನದೇ ಅಕ್ಷರ: ಹ್ಯಾನ್ಲಿ, ೯ ಫೆಬ್ರವರಿ. ಜೊತೆಗೊಂದು ಚೀಟಿ. 'ರೈಲು ತಡವಾಯ್ತು. ದೀಪ ಆರಿದ ಮೇಲೆ ಒಳಗೆ ಬಂದೆ. ಪೂರ್ತಿ ಹೊತ್ತು ನಿನ್ನ ಹಿಂದೆಯೇ ಇದ್ದೆ. ಟೇಪ್ ಓಡ್ತಿತ್ತು, ಮಾತಾಡಲಾಗಲಿಲ್ಲ. ನಿನಗಾಗಿಯೇ ಹಿಡಿದದ್ದು, ಕೊನೆಯವರೆಗೂ ಕೇಳು.'

ಲೊರೇನ್ ಕೂಡಲೇ ಕ್ಯಾಸೆಟ್ ಹಾಕಿದಳು. ಮೊದಲ ಹಾಡು. ಎರಡು ನಿಮಿಷವೂ ಆಗಿರಲಿಲ್ಲ, ಬೆರಳು ತಾನಾಗಿ ಹೋಗಿ ನಿಲ್ಲಿಸಿತು. ಶ್ರುತಿ ಅರ್ಧ ಸ್ವರ ಮೇಲಿತ್ತು. ಇದು ಹ್ಯಾನ್ಲಿಯಲ್ಲ. ಇದು ಡರ್ಬಿ. ಬಾರದವನು ಹಳೇ ಟೇಪಿಗೆ ಹೊಸ ಚೀಟಿ ಅಂಟಿಸಿ ಕಳಿಸಿದ್ದಾನೆ. ಬಾರದಿದ್ದರೆ ಬರಲಿಲ್ಲ ಅನ್ನಬಹುದಿತ್ತು, ಅವಳು ಎರಡು ದಿನ ಮುನಿಸಿಕೊಂಡು ಮರೆಯುತ್ತಿದ್ದಳು. ಆದರೆ ಇದೇನು? ಅವಳ ಕಿವಿಗೇ ಮೋಸ ಮಾಡಲು ಹೊರಟಿದ್ದನಲ್ಲ!

ಅದೇ ಲಕೋಟೆಯಲ್ಲಿ ಟೇಪನ್ನು ವಾಪಸ್ ತುರುಕಿ, ಮೇಲೆ 'ಇದು ಡರ್ಬಿ. ಇನ್ನೊಬ್ಬಳಿಗೆ ಹೇಳು ನಿನ್ನ ಕಥೆ' ಎಂದು ಬರೆದು ಕಳಿಸಿದಳು. ಉತ್ತರ ಬರಲಿಲ್ಲ. ತಪ್ಪು ಒಪ್ಪಿಕೊಂಡ ಹಾಗಾಯಿತು ಅಂದುಕೊಂಡಳು.

*

"ಎಲ್ಲರೂ ಕೂತ್ಕೊಳ್ಳಿ. 'ಯಾವ ಶೋ?' ಶುರು ಮಾಡ್ತೀನಿ," ಎಂದ ಡಗ್ಗಿ, ಚಮಚದಿಂದ ಟೀ ಕಪ್ಪು ಬಾರಿಸಿ.

ಇದು ಇವರ ಆಟ. ಯಾರೋ ಹಳೆಯ ಟೇಪೊಂದನ್ನು ಹಾಕುವುದು, ಯಾವ ಊರು, ಯಾವ ದಿನ ಎಂದು ಕೇಳಿಯೇ ಹೇಳುವುದು. ಒಬ್ಬನ ಕೆಮ್ಮಿನಿಂದ ಊರು ಹೇಳುವವರಿದ್ದರು ಅಲ್ಲಿ.

ಟೇಪು ತಿರುಗಿತು. ಆರ್ಗನ್ ಎದ್ದಿತು.

ಎಷ್ಟು ವರ್ಷವಾಗಿತ್ತು ಅದನ್ನು ಕೇಳಿ! ಬೆನ್ನುಹುರಿಯಲ್ಲಿ ಝುಮ್ಮೆಂದಿತು ಲೊರೇನ್‌ಗೆ. ಆರ್ಗನ್ನಿನ ಪೆಟ್ಟಿಗೆಯೊಳಗಿನ ಸ್ಪೀಕರು ಗಿರಗಿರ ತಿರುಗಿ ಸದ್ದನ್ನು ಕಲಕುವುದು, ಸಭಾಂಗಣದ ನೆಲವೇ ಅಂಗಾಲಿಗೆ ನಡುಗುವುದು, ಪಕ್ಕದವನ ಒದ್ದೆ ಉಣ್ಣೆ ಕೋಟಿನ ವಾಸನೆ, ಎಲ್ಲವೂ ಒಟ್ಟಿಗೆ ಬಂದವು. ಸುತ್ತ ಮುದುಕ ಮುದುಕಿಯರ ತಲೆಗಳು ತೂಗುತ್ತಿದ್ದವು. ಒಬ್ಬನಂತೂ ಕಣ್ಣು ಮುಚ್ಚಿ ಓಟ್‌ಕೇಕಿನ ತಟ್ಟೆಯ ಮೇಲೆ ಬೆರಳಾಡಿಸುತ್ತಾ ಚೀಸಿನ ಮೇಲೆ ಪೂರ್ತಿ ಹಾಡು ನುಡಿಸುತ್ತಿದ್ದ.

ಆಮೇಲೆ ಅವಳ ಕಿವಿ ನಿಮಿರಿತು.

"ಡರ್ಬಿ," ಅಂದಳು ಗಟ್ಟಿಯಾಗಿ. "ಎಪ್ಪತ್ನಾಲ್ಕು, ಜನವರಿ ಹತ್ತೊಂಬತ್ತು."

ಕೋಣೆ ತಿರುಗಿ ನೋಡಿತು. ಕೆಲವರು ಮೆಚ್ಚಿ ತಲೆಯಾಡಿಸಿದರು. "ಹೌದ್ಹೌದು, ಶ್ರುತಿ ಏರಿದೆ ನೋಡು, ಜನರೇಟರ್ರು," ಎಂದು ಯಾರೋ ಅಂದರು.

"ತಪ್ಪು," ಅಂದ ಡಗ್ಗಿ.

"ತಪ್ಪಾಗೋಕೆ ಸಾಧ್ಯವೇ ಇಲ್ಲ. ನನ್ನ ಕಿವಿ ಯಾವತ್ತೂ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ನೆವಿಲ್ ಎದ್ದು ನಿಂತಿದ್ದ. ಟೇಪಿನ ಮಷೀನಿನ ಪಕ್ಕದಲ್ಲಿ ಒಂದು ಹಳದಿಗಟ್ಟಿದ ಲಕೋಟೆಯಿತ್ತು. ಅದರ ಮೇಲಿನ ಅಕ್ಷರ ಅವಳದೇ.

ಲೊರೇನ್ ಜ್ಯಾನ್‌ಳ ಕಡೆ ಕೆಂಗಣ್ಣು ಬಿಟ್ಟಳು. ಜ್ಯಾನ್ ಅತ್ಯಂತ ಶ್ರದ್ಧೆಯಿಂದ ಓಟ್‌ಕೇಕ್ ತಿನ್ನುತ್ತಿದ್ದಳು.

"ಈ ಲಕೋಟೆ ವಾಪಸ್ ಬಂದಾಗ ಮೇಲಿನ ಸಾಲು ಓದಿದೆ, ಅಷ್ಟೆ. ಒಡೆಯಲೇ ಇಲ್ಲ," ಎಂದ ನೆವಿಲ್. ಕೋಣೆಗೆ ಹೇಳುವಂತೆ ಶುರುಮಾಡಿದರೂ ಅವಳೊಬ್ಬಳನ್ನೇ ನೋಡುತ್ತಿದ್ದ. "ನನ್ನನ್ನ ಕಳಚಿಕೊಳ್ಳೋಕೆ ಒಂದು ನೆಪ ಹುಡುಕಿದ್ದಾಳೆ ಅಂದ್ಕೊಂಡೆ. ನಂಗೂ ಸಿಟ್ಟು. ಪೆಟ್ಟಿಗೆ ತಳಕ್ಕೆ ಎಸೆದೆ. ಹೋದ ಚಳಿಗಾಲ ಡಗ್ಗಿ ಹಳೇ ಟೇಪೆಲ್ಲ ಕೊಡ್ರೋ ಅಂದಾಗ ಮೊದಲ ಸಲ ಹಾಕಿ ಕೇಳಿದೆ."

"ಮೊದಲ ಸಲ?" ಲೊರೇನ್‌ಗೆ ಸುಮ್ಮನಿರಲಾಗಲಿಲ್ಲ. "ಕಳಿಸೋ ಮುಂಚೆ ಕೇಳಿರಲಿಲ್ವಾ ನೀವು?"

"ಹದಿನಾಲ್ಕನೇ ತಾರೀಕಿನೊಳಗೆ ನಿನ್ನ ಕೈ ಸೇರ್ಲಿ ಅಂತ ಹಾಗೇ ಅಂಚೆಗೆ ಹಾಕ್ದೆ."

ಹೆಂಗಸರ ಕಡೆಯಿಂದ 'ಅಯ್ಯೋ' ಅನ್ನುವ ಒಂದು ಸಣ್ಣ ಸದ್ದು ಬಂತು. ಹದಿನಾಲ್ಕು ಅಂದರೆ ಪ್ರೇಮಿಗಳ ದಿನ ಅಂತ ಬಿಡಿಸಿ ಹೇಳುವ ಅಗತ್ಯ ಯಾರಿಗೂ ಇರಲಿಲ್ಲ.

"ಕೇಳಿದ್ರೆ ಆಗಲೇ ಗೊತ್ತಾಗ್ತಿತ್ತು," ಎಂದ ನೆವಿಲ್. "ದಾರಿ ಮಧ್ಯೆ ನಿಂತುಬಿಟ್ಟ ಆ ಚಳಿ ರೈಲಲ್ಲಿ ಮೂರು ಗಂಟೆ ಕೂತಿದ್ನಲ್ಲ, ರೆಕಾರ್ಡರಿನ ಬ್ಯಾಟರಿ ಸಾಯ್ತಾ ಬಂದಿತ್ತು. ಬ್ಯಾಟರಿ ಸೋತರೆ ಮಷೀನ್ ನಿಧಾನಕ್ಕೆ ತಿರುಗತ್ತೆ. ನಿಧಾನಕ್ಕೆ ಹಿಡಿದದ್ದನ್ನ ಸರಿಯಾದ ಸ್ಪೀಡಲ್ಲಿ ಹಾಕಿದ್ರೆ ಓಡತ್ತೆ. ಓಡಿದ್ರೆ ಶ್ರುತಿ ಏರತ್ತೆ. ರಿಪೇರಿಯವನು ನಾನು. ಬೇರೆಯವರ ಮಷೀನ್ ಎಲ್ಲ ನೋಡ್ತಿದ್ದೆ, ನನ್ನದಕ್ಕೆ ಹೊಸ ಬ್ಯಾಟರಿ ಹಾಕಿರಲಿಲ್ಲ."

ಮಷೀನಿನ ಗುಂಡಿಯೊಂದನ್ನು ಅವನು ಸ್ವಲ್ಪವೇ ತಿರುಗಿಸಿದ. ಆರ್ಗನ್ ಮೆಲ್ಲಗೆ ಕೆಳಗಿಳಿದು, ಇರಬೇಕಾದ ಜಾಗದಲ್ಲಿ ಕೂತಿತು.

ಲೊರೇನ್‌ಳ ಕಿವಿ ಅದನ್ನು ಒಪ್ಪಿತು. ಆದರೆ ಐವತ್ತು ವರ್ಷದ ಸಿಟ್ಟು ಒಂದು ಗುಂಡಿ ತಿರುಗಿಸಿದರೆ ಇಳಿಯುವುದೇ?

"ಹೀಗೆ ತಿರುಗಿಸಿದ್ರೆ ಡರ್ಬಿಯನ್ನೂ ಹ್ಯಾನ್ಲಿ ಮಾಡಬಹುದು," ಅಂದಳು.

"ಮಾಡಬಹುದು," ಎಂದು ಒಪ್ಪಿದ ನೆವಿಲ್. "ನೀನು ಎಷ್ಟು ಹೊತ್ತು ಕೇಳಿದ್ದೆ ಆವತ್ತು?"

ಲೊರೇನ್ ಲಕೋಟೆಯ ಮೇಲಿನ ತನ್ನ ಅಕ್ಷರದತ್ತ ನೋಡಿದಳು.

"ಎರಡನೇ ಬದಿ ಕೇಳಿದ್ಯಾ?"

"...ಇಲ್ಲ."

ನೆವಿಲ್ ಕ್ಯಾಸೆಟ್ ತೆಗೆದು ತಿರುವಿ ಹಾಕಿದ. ಕೊನೆಯ ಭಾಗಕ್ಕೆ ಓಡಿಸಿದ. 

*

ಶೋದ ಕೊನೆಗೆ ಡೆಸ್ ಒಂದು ಕೆಲಸ ಮಾಡುತ್ತಿದ್ದ. ಎರಡೂ ಮುಂಗೈಗಳನ್ನು ಕೀಲಿಮಣೆಗಳ ಮೇಲೆ ಊರಿ, ಆರ್ಗನ್ ಭೋರ್ಗರೆಯುತ್ತಿರುವಾಗಲೇ ಸ್ವಿಚ್ ಆರಿಸಿಬಿಡುತ್ತಿದ್ದ. ಒಳಗಿನ ಮೋಟಾರು ಸೋಲುತ್ತಾ ಹೋದಂತೆ ಸದ್ದು ನರಳುತ್ತಾ ನರಳುತ್ತಾ ಕೆಳಕ್ಕೆ, ಇನ್ನೂ ಕೆಳಕ್ಕೆ ಇಳಿದು ಆರಿಹೋಗುತ್ತಿತ್ತು. ಆಮೇಲೆ ಸ್ವಲ್ಪ ಹೊತ್ತು ಸಭಾಂಗಣದಲ್ಲಿ ಯಾರೂ ಉಸಿರಾಡುತ್ತಿರಲಿಲ್ಲ.

ಟೇಪಿನಲ್ಲೂ ಸದ್ದು ಇಳಿಯಿತು. ಆರಿತು. ಮಹಡಿಯ ಮೇಲೆ ನಲವತ್ತು ಮಂದಿ ಉಸಿರು ಬಿಗಿಹಿಡಿದರು, ಹಳೆಯ ಅಭ್ಯಾಸ.

ಆ ಮೌನದಲ್ಲಿ ಒಬ್ಬ ಹುಡುಗಿಯ ದನಿ ಕೇಳಿಸಿತು. ಸಣ್ಣದು, ಆದರೆ ಸ್ಪಷ್ಟ.

"ಅವನು ಬರಲಿಲ್ಲ ಕಣೇ ಜ್ಯಾನ್. ಮೂರ್ಖಳ ಥರ ಐದು ಗಂಟೆಯಿಂದ ನಿಂತಿದ್ದೀನಿ."

ಲೊರೇನ್‌ಳ ಕೈ ಬಾಯಿಗೆ ಹೋಯಿತು. ಹತ್ತೊಂಬತ್ತರ ತನ್ನದೇ ದನಿ. ಇಷ್ಟು ತೆಳ್ಳಗಿತ್ತೇ ಅದು? ಇಷ್ಟು ನೊಂದಿತ್ತೇ?

ಟೇಪಿನಲ್ಲಿ ಇನ್ನೊಂದು ದನಿ, "ಬರ್ತಾನೆ, ಸುಮ್ನಿರೇ," ಅಂದಿತು. ಜ್ಯಾನ್, ಆಗಿನ ಜ್ಯಾನ್.

ಆ ಮೇಲೆ ಮೈಕಿಗೆ ತೀರಾ ಹತ್ತಿರದಿಂದ, ಕಿವಿಗೆ ಬಡಿಯುವಷ್ಟು ಜೋರಾಗಿ, ಒಬ್ಬ ಹುಡುಗ ಕೂಗಿದ.

"ಲೊರೇನ್! ಇಲ್ಲೇ ಇದ್ದೀನಿ! ನಿನ್ನ ಹಿಂದೆ! ಲೊರೇ..."

ಅಷ್ಟರಲ್ಲಿ ಇಡೀ ಸಭಾಂಗಣ ಒಮ್ಮೆಲೇ ಭೋರೆಂದು ಅಬ್ಬರಿಸಿತು. ಚಪ್ಪಾಳೆ, ಶಿಳ್ಳೆ, ನೆಲ ತುಳಿಯುವ ಸದ್ದು. ಅದರ ನಡುವೆ ಬಟ್ಟೆ ಎಳೆದಾಡಿದ್ದು, ಯಾವನೋ ಗಡಸು ದನಿಯವನು "ಏಯ್, ತೋಳಲ್ಲಿ ಏನಯ್ಯಾ ಅದು? ನಡಿ ಆಚೆಗೆ," ಅಂದದ್ದು. ಒಂದು ಟಕ್. ಟೇಪು ನಿಂತಿತು.

 ಡಗ್ಗಿ ಮೂಗು ಒರೆಸಿಕೊಂಡು, "ಟೇಪ್ ಓಡುವಾಗ ಕಿರುಚಿದ್ಯಲ್ಲೋ," ಅಂದ. "ನಲವತ್ತು ಟೇಪ್ ಮಾಡಿದ್ದೀಯ. ಒಂದ್ರಲ್ಲೂ ನಿನ್ನ ಉಸಿರು ಕೂಡ ಕೇಳ್ಸಲ್ಲ."

"ಒಂದ್ರಲ್ಲಿ ಕೇಳ್ಸತ್ತೆ," ಅಂದ ನೆವಿಲ್. "ಪಕ್ಕದ ಬಾಗಿಲಿಂದ ಆಚೆ ಹಾಕಿದ್ರು. ಸುತ್ತಿಕೊಂಡು ಮುಂದೆ ಬರೋಷ್ಟರಲ್ಲಿ ಇವಳ ಬಸ್ ಹೋಗಿತ್ತು."

ಲೊರೇನ್ ಎದ್ದು ನಿಂತಳು.  ಜ್ಯಾನ್ ಸದ್ದಿಲ್ಲದೆ ಮೊಣಕೈ ಹಿಡಿದುಕೊಂಡಳು.

"ನನ್ನ ಉತ್ತರ ಬದಲಾಯಿಸ್ತೀನಿ ಡಗ್ಗಿ," ಅಂದಳು. "ಹ್ಯಾನ್ಲಿ. ಎಪ್ಪತ್ನಾಲ್ಕು, ಫೆಬ್ರವರಿ ಒಂಬತ್ತು. ಅವನು ಬಂದಿದ್ದ."

ಹೇಳುತ್ತಿದ್ದ ಹಾಗೆ ಅವಳಿಗೆ ಅಳು ಬಂತು. ದುಃಖದ ಅಳುವಲ್ಲ. ವರ್ಷಗಟ್ಟಲೆ ಹೆಗಲ ಮೇಲಿದ್ದ ಮೂಟೆಯನ್ನು ಯಾರೋ ಹಿಂದಿನಿಂದ ಬಂದು ಇಳಿಸಿಕೊಂಡಂತೆ ಮೈ ಹಗುರವಾಗಿ, ಆ ಹಗುರಕ್ಕೇ ಬಂದ ಅಳು. ಅವನು ಸುಳ್ಳು ಹೇಳಿರಲಿಲ್ಲ. ಹತ್ತೊಂಬತ್ತು ವರ್ಷದ ಆ ಹುಡುಗಿ ಮೋಸ ಹೋಗಿರಲಿಲ್ಲ. ಹಾಗಿದ್ದರೆ ಕೆನ್ ಕೂಡ, ಪಾಪ, ಚೆನ್ನಾಗಿ ಕಾಣ್ತೀಯ ಅಂದದ್ದು ನಿಜವಾಗಿಯೇ ಅಂದಿರಬೇಕು. ಎಷ್ಟೊಂದು ಒಳ್ಳೆಯ ಮಾತುಗಳನ್ನು ಅವಳು ಸುಮ್ಮನೆ ಬಾಗಿಲಾಚೆ ನಿಲ್ಲಿಸಿಬಿಟ್ಟಿದ್ದಳು!

ಕೋಣೆಯವರು ಚಪ್ಪಾಳೆ ತಟ್ಟಿದರು. ಡೆಸ್‌ಗೆ ತಟ್ಟಿದಷ್ಟೇ ಜೋರಾಗಿ.

*

ಆಮೇಲೆ ಜನ ಮತ್ತೆ ಕಾಲುಚೀಲದ ಜಗಳಕ್ಕೆ ಹೋದರು. ಜ್ಯಾನ್ ಇದ್ದಕ್ಕಿದ್ದಂತೆ ಮಾಯವಾಗಿದ್ದಳು. ಹೊಸ ಮಂಡಿಯವಳಿಗೆ ಅಷ್ಟು ಚುರುಕು ಎಲ್ಲಿಂದ ಬಂತೋ. ಕಿಟಕಿ ಪಕ್ಕದ ಮೇಜಿಗೆ ನೆವಿಲ್ ಎರಡು ಕಪ್ ಟೀ ತಂದಿಟ್ಟು ಎದುರಿಗೆ ಕೂತ. ಮೂರು ಗಂಟೆಯ ಬಿಸಿಲು ಮೇಜಿನ ಮೇಲೆ ಬಿದ್ದಿತ್ತು.

"ಜ್ಯಾನ್ ಯಾವಾಗಿಂದ ಸೇರಿದಾಳೆ ಇದ್ರಲ್ಲಿ?" ಎಂದು ಕೇಳಿದಳು.

"ಮಾರ್ಚ್‌ನಿಂದ. ಟೇಪ್ ಕೇಳಿಸ್ದೆ ಅವಳಿಗೆ. ಅರ್ಧ ಗಂಟೆ ಅತ್ತಳು. ಆಮೇಲೆ ಅರ್ಧ ಗಂಟೆ ನನ್ನ ಬೈದಳು, ಬ್ಯಾಟರಿ ವಿಷಯಕ್ಕೆ."

"ಬೈದದ್ದು ಸರಿಯೇ."

"ಇನ್ನೂ 'ನೀವು' ಅಂತೀಯಾ ನನ್ನ?"

ಲೊರೇನ್ ಕಪ್ಪಿನ ಅಂಚನ್ನು ಬೆರಳಿನಿಂದ ಸುತ್ತಿದಳು. "ನೀವು ಅಂದಿದ್ದು ಆ ಸುಳ್ಳುಗಾರನಿಗೆ. ಅವನು ಇಲ್ಲಿಲ್ಲ ಈಗ." ತಲೆ ಎತ್ತಿ ಅವನನ್ನು ನೇರ ನೋಡಿದಳು. ಆ ಕಣ್ಣು ಬದಲಾಗಿರಲಿಲ್ಲ. ಸುತ್ತ ಗೆರೆಗಳು ಸೇರಿಕೊಂಡಿದ್ದವು, ಅಷ್ಟೆ. "ತಪ್ಪು ನಂದು ನೆವಿಲ್. ನನ್ನ ಕಿವಿ ನಂಬಿದೆ, ನಿನ್ನ ನಂಬಲಿಲ್ಲ. ಇನ್ನರ್ಧ ಗಂಟೆ ಕೇಳಿದ್ರೆ ಸಾಕಿತ್ತು."

"ನಾನು ಇನ್ನೊಂದು ಕಾಗದ ಬರೆದಿದ್ರೆ ಸಾಕಿತ್ತು. ನಿನ್ನ ಮನೆ ಎಷ್ಟು ದೂರ? ರೈಲಲ್ಲಿ ಇಪ್ಪತ್ತು ನಿಮಿಷ."

"ರೈಲು ಬಂದಿದ್ರೆ."

"ಹೌದು, ಬಂದಿದ್ರೆ."

ಇಬ್ಬರೂ ನಕ್ಕರು. ನಗು ನಿಂತ ಮೇಲೂ ಇಬ್ಬರೂ ಕಣ್ಣು ತೆಗೆಯಲಿಲ್ಲ. ನೆವಿಲ್ ತನ್ನ ವಿಷಯ ಹೇಳಿದ: ಮದುವೆಯಾಗಿ, ಹನ್ನೆರಡು ವರ್ಷಕ್ಕೆ ಬೇರೆಯಾಗಿ, ಲೀಡ್ಸ್‌ನಲ್ಲಿರುವ ಮಗಳು ವಾರಕ್ಕೊಮ್ಮೆ ಫೋನ್ ಮಾಡಿ ತರಕಾರಿ ತಿಂದೆಯಾ ಎಂದು ಕೇಳುತ್ತಾಳೆ. ಲೊರೇನ್ ಕೆನ್‌ನ ವಿಷಯ ಹೇಳಿದಳು. ಅವನ ಬಗ್ಗೆ ಇಷ್ಟು ಪ್ರೀತಿಯಿಂದ ಮಾತಾಡಿದ್ದು ತನಗೇ ಹೊಸದು ಅನ್ನಿಸಿತು. ನೆವಿಲ್ ಕೊನೆಯವರೆಗೂ ನಡುವೆ ಬಾಯಿ ಹಾಕದೆ ಕೇಳಿಸಿಕೊಂಡ.

"ಸರಿ, ಆವತ್ತು ಏನೋ ಹೇಳೋದಿತ್ತಲ್ಲ," ಎಂದಳು ಲೊರೇನ್, ಕಿಟಕಿಯಾಚೆ ನೋಡುತ್ತಾ, ಬಹಳ ಸಾಧಾರಣ ವಿಷಯವೆಂಬಂತೆ. "ಮರ್ತಿರ್ತೀಯ ಬಿಡು."

"ರೈಲಲ್ಲಿ ಮೂರು ಗಂಟೆ ಕೂತು ಬಾಯಿಪಾಠ ಮಾಡಿದ್ದೆ. ಮರೆಯೋದು ಹೇಗೆ?"

ನೆವಿಲ್ ಎದ್ದು ಮೇಜು ಬಳಸಿ ಬಂದು ಅವಳ ಪಕ್ಕದ ಕುರ್ಚಿಯಲ್ಲಿ ಕೂತ. ಡಗ್ಗಿಗೆ ಕೇಳಿಸಬಾರದೆಂದು ಇರಬೇಕು, ಬಗ್ಗಿ ಅವಳ ಎಡಗಿವಿಯ ಬಳಿ ಮೆಲ್ಲಗೆ ಏನೋ ಹೇಳಿದ. ಸಾಕಷ್ಟು ಉದ್ದವಾಗಿಯೇ ಹೇಳಿದ. ಹೇಳಿ ಮುಗಿಸಿ, ಕೆಂಪಗಾಗಿ ಕಾದ.

ಲೊರೇನ್ ಮುಖದಲ್ಲಿ ಏನೂ ಕಾಣಲಿಲ್ಲ. ಅವಳು ಟೀ ಕುಡಿದಳು.

"ಏನೂ ಅನ್ನಲ್ವಾ?" ಅವನ ದನಿ ಸಣ್ಣಗಾಯಿತು.

"ಏನು ಹೇಳಿದೆ ಅಂತ ಮೊದಲು ಗೊತ್ತಾಗ್ಲಿ. ಆ ಕಡೆ ಕಿವಿ ಹೋಗಿ ಎಂಟು ವರ್ಷ ಆಯ್ತು ಮಾರಾಯ." ಅವಳ ತುಟಿ ನಗು ತಡೆದುಕೊಂಡು ತಡೆದುಕೊಂಡು ಸೋತಿತು. "ಇನ್ನು ಮೇಲೆ ಜನ ಹೇಳಿದ್ದನ್ನ ನಂಬ್ಲೇಬೇಕು ನಾನು. ಬೇರೆ ದಾರಿ ಇಲ್ಲ. ಈ ಕಡೆ ಬಾ."

ನೆವಿಲ್ ಕುರ್ಚಿಯನ್ನೇ ಎತ್ತಿಕೊಂಡು ಅವಳ ಬಲಗಡೆಗೆ ಬಂದ. ಕೂತ. ಈ ಸಲ ಪಿಸುಗುಟ್ಟಲಿಲ್ಲ, ಮಹಡಿಯವರೆಲ್ಲ ಕೇಳಿದರೆ ಕೇಳಲಿ ಎಂಬಷ್ಟು ಗಟ್ಟಿಯಾಗಿ ಮೊದಲಿನಿಂದ ಶುರುಮಾಡಿದ.

"ನಾನು ಡೆಸ್‌ನ ಕೇಳೋಕೆ ಅಂತ ಊರೂರು ತಿರುಗಿದವನು ಲೊರೇನ್. ಆದ್ರೆ ನೀನು ಪಕ್ಕದಲ್ಲಿ ನಿಂತ್ರೆ ಅವನು ಏನು ನುಡಿಸ್ತಿದ್ದಾನೆ ಅಂತಾನೇ ನಂಗೆ ಗೊತ್ತಾಗಲ್ಲ. ಮನೆಗೆ ಹೋಗಿ ಟೇಪ್ ಹಾಕಿ ತಿಳ್ಕೋಬೇಕು. ಯಾಕೆ ಅಂತ ತುಂಬ ದಿನ ಯೋಚನೆ ಮಾಡ್ದೆ..."

ಕಾಲುಚೀಲದ ಜಗಳ ನಿಂತಿತ್ತು. ಡಗ್ಗಿ ಕೈಯಲ್ಲಿ ಕಪ್ಪು ಹಿಡಿದುಕೊಂಡು ಹಾಗೇ ನಿಂತಿದ್ದ. ನೆವಿಲ್‌ಗೆ ನಡುವೆ ಮಾತು ತಡವರಿಸಿತು, ಒಂದು ಸಾಲು ಮರೆತು ಹಿಂದೆ ಹೋಗಿ ಮತ್ತೆ ಹಿಡಿದುಕೊಂಡು ಬಂದ. ಲೊರೇನ್ ಅವಸರ ಮಾಡಲಿಲ್ಲ, ನಡುವೆ ಬಾಯಿ ಹಾಕಲಿಲ್ಲ. ಅವನ ಕೈ ಮೇಲೆ ಕೈಯಿಟ್ಟುಕೊಂಡು, ಕೊನೆಯ ಮಾತಿನವರೆಗೂ ಕೇಳಿದಳು.